ಸಮವಸ್ತ್ರ ಕಳಚಿದ ಮೇಲಿನ ನಲವತ್ತು ವರ್ಷ

1949ರ ಜನವರಿ 15 ಏನು ದಿನವೆಂದು ಈ ಸಭೆಯಲ್ಲಿ ಕುಳಿತಿರುವ ಶಾಲೆಯ ಮಕ್ಕಳನ್ನು ಕೇಳಿದರೂ ಉತ್ತರ ಬರುತ್ತದೆ. ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ದಿನ ಅದು. ಆ ದಿನವನ್ನೇ ದೇಶ ಸೇನಾ ದಿನವೆಂದು ಆಚರಿಸುತ್ತದೆ. 1953ರ ಜನವರಿ 14 ಏನು ದಿನವೆಂದು ಕೇಳಿದರೆ ಮಾತ್ರ ಹಿರಿಯರೂ ಸುಮ್ಮನಾಗುತ್ತಾರೆ. ಅಂದು ಅವರು ನಿವೃತ್ತರಾದರು. ಇನ್ನೆರಡು ವಾರ ಕಳೆದಿದ್ದರೆ ಅವರಿಗೆ ಐವತ್ತನಾಲ್ಕು ತುಂಬುತ್ತಿತ್ತು. ತೀರಿಕೊಂಡದ್ದು 1993ರ ಮೇ 15ರಂದು, ತೊಂಬತ್ತನಾಲ್ಕರ ವಯಸ್ಸಿನಲ್ಲಿ.

ಲೆಕ್ಕ ಹಾಕಿ ನೋಡಿ. ಸೇನೆಯಲ್ಲಿ ಇದ್ದದ್ದು ಮೂವತ್ತಮೂರು ವರ್ಷ, ಸೇನೆ ಬಿಟ್ಟ ಮೇಲೆ ಬದುಕಿದ್ದು ನಲವತ್ತು ವರ್ಷ. ನಮ್ಮ ಪುಸ್ತಕಗಳು ಆ ಮೂವತ್ತಮೂರನ್ನು ವಿವರವಾಗಿ ಹೇಳಿ, ನಲವತ್ತನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಅರ್ಧಕ್ಕರ್ಧ ಜನ ಮಾಜಿ ಸೈನಿಕರು, ಇಲ್ಲವೇ ಅವರ ಮನೆಯವರು. ಆದ್ದರಿಂದ ಇವತ್ತು ಮಡಿಕೇರಿಯ ರೋಶನಾರಾ ಎಂಬ ಮನೆಯಲ್ಲಿ ಬದುಕಿದ ಮಾಜಿ ಸೈನಿಕನ ಬಗ್ಗೆ, ಇಬ್ಬರು ಮಕ್ಕಳ ತಂದೆಯ ಬಗ್ಗೆ ಹೆಚ್ಚು ಮಾತನಾಡುತ್ತೇನೆ. ನನಗೆ ಅನ್ನಿಸುವುದು ಇಷ್ಟು: ಈ ಮನುಷ್ಯ ತನ್ನ ಮಕ್ಕಳಿಗೂ ಊರವರ ಮಕ್ಕಳಿಗೂ ಒಂದೇ ಅಳತೆ ಇಟ್ಟುಕೊಂಡಿದ್ದರು. ಅವರ ಬದುಕಿನ ಯಾವ ಘಟನೆಯನ್ನು ಎತ್ತಿಕೊಂಡರೂ ಈ ಅಳತೆ ಕಾಣುತ್ತದೆ.

ಮೊದಲು ಹುಟ್ಟಿದ ಊರಿನಿಂದ ಹೊರಡೋಣ. ಕೊಡಗಿನ ಉತ್ತರದ ತುದಿಯಲ್ಲಿರುವ ಶನಿವಾರಸಂತೆಯಲ್ಲಿ 1899ರ ಜನವರಿ 28ರಂದು ಹುಟ್ಟಿದರು. ತಂದೆ ಮಾದಪ್ಪ ಕಂದಾಯ ಇಲಾಖೆಯ ನೌಕರರು. ಮನೆಯವರು ಹುಡುಗನನ್ನು ಕರೆಯುತ್ತಿದ್ದುದು ಚಿಮ್ಮ ಎಂದು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸುವುದು, ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಮಾಡಿ ಮಗುವಿನ ಕೈಗೆ ಮುಟ್ಟಿಸುವುದು ಹಿಂದಿನಿಂದ ಬಂದ ಪದ್ಧತಿ. ಇದನ್ನು ಹೇಳುವಾಗ ಒಂದು ಎಚ್ಚರ ಬೇಕು. ಕೆಲವು ಜಾತಿಗಳು ಹುಟ್ಟಾ ವೀರರು, ಉಳಿದವರು ಅಲ್ಲ ಎಂಬ ಸಿದ್ಧಾಂತವನ್ನು ಬ್ರಿಟಿಷರು ಸೇನಾ ಭರ್ತಿಗಾಗಿ ಬೆಳೆಸಿದರು. ನಾವು ಹೆಮ್ಮೆಯ ಭರದಲ್ಲಿ ಅದೇ ಮಾತನ್ನು ಮತ್ತೆ ಹೇಳಿಬಿಡುತ್ತೇವೆ. ಕಾರ್ಯಪ್ಪನವರು ಅಧಿಕಾರಕ್ಕೆ ಬಂದ ವರ್ಷವೇ, 1949ರಲ್ಲಿ, ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಎಂಬ ರೆಜಿಮೆಂಟನ್ನು ಕಟ್ಟಿದರು. ಹಳೆಯ ರೆಜಿಮೆಂಟುಗಳಲ್ಲಿ ಒಂದೊಂದು ಜಾತಿಗೆ, ಒಂದೊಂದು ಪ್ರದೇಶಕ್ಕೆ ಪ್ರತ್ಯೇಕ ಕಂಪನಿಗಳಿದ್ದವು. ಗಾರ್ಡ್ಸ್‌ಗೆ ದೇಶದ ಎಲ್ಲ ಕಡೆಯವರನ್ನೂ, ಎಲ್ಲ ಸಮುದಾಯದವರನ್ನೂ ತೆಗೆದುಕೊಂಡರು. ಒಂದೇ ಬ್ಯಾರಕ್, ಒಂದೇ ಅಡುಗೆಮನೆ. ಕೊಡಗಿನವರೆಂದು ಅವರನ್ನು ನೆನೆಯುವಾಗ ಇದನ್ನೂ ಜೊತೆಗೇ ನೆನೆಯಬೇಕು.

ಮಡಿಕೇರಿಯ ಸೆಂಟ್ರಲ್ ಹೈಸ್ಕೂಲ್, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯರಿಗೂ ಅಧಿಕಾರಿ ಹುದ್ದೆ ಕೊಡಬೇಕೆಂಬ ಒತ್ತಾಯಕ್ಕೆ ಸರ್ಕಾರ ಮಣಿದಿತ್ತು. ಇಂದೋರಿನ ಡೇಲಿ ಕೆಡೆಟ್ ಕಾಲೇಜಿಗೆ ಆಯ್ಕೆಯಾದ ಮೊದಲ ತಂಡದಲ್ಲಿ ಕಾರ್ಯಪ್ಪ ಇದ್ದರು. 1919ರ ಡಿಸೆಂಬರಿನಲ್ಲಿ ಅಧಿಕಾರಿಯಾದರು. ಅಲ್ಲಿಂದ ಮುಂದಿನ ಇಪ್ಪತ್ತೆಂಟು ವರ್ಷ ಎಲ್ಲಿ ಹೋದರೂ ‘ಮೊದಲ ಭಾರತೀಯ’ ಎಂಬ ಹಣೆಪಟ್ಟಿ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ. 1942ರಲ್ಲಿ ಒಂದು ಬೆಟಾಲಿಯನ್ನಿನ ಮುಖ್ಯಸ್ಥನಾದ ಮೊದಲ ಭಾರತೀಯ. ಕೇಳುವುದಕ್ಕೆ ಹೆಮ್ಮೆಯಾಗುತ್ತದೆ. ಆದರೆ ಮೊದಲಿಗನಾಗುವುದೆಂದರೆ ಮೆಸ್ಸಿನ ಊಟದ ಮೇಜಿನಲ್ಲಿ ನಮ್ಮವರು ಎನ್ನುವವರು ಇನ್ನೊಬ್ಬರಿಲ್ಲದೆ ವರ್ಷಗಟ್ಟಲೆ ಕಳೆಯುವುದು. ಬ್ರಿಟಿಷ್ ಅಧಿಕಾರಿಯೊಬ್ಬರ ಪತ್ನಿಗೆ ಕಾರ್ಯಪ್ಪ ಎನ್ನಲು ನಾಲಿಗೆ ತಿರುಗದೆ ಅವರಿಗೆ ‘ಕಿಪರ್’ ಎಂಬ ಹೆಸರಿಟ್ಟರಂತೆ. ಸೇನೆಯಲ್ಲಿ ಕೊನೆಯತನಕ ಅದೇ ಹೆಸರು ಉಳಿಯಿತು. ಅವರ ನಡೆನುಡಿಯಲ್ಲಿದ್ದ ಇಂಗ್ಲಿಷ್ ಶಿಸ್ತನ್ನು ಕಂಡು ಹಲವರು ಕಂದು ಬಣ್ಣದ ಸಾಹೇಬ ಎಂದು ಆಡಿಕೊಂಡದ್ದುಂಟು. ಆ ಮೆಸ್ಸುಗಳಲ್ಲಿ ಒಂದು ಚಮಚ ತಪ್ಪಿದರೂ ತಪ್ಪು ಇಡೀ ಭಾರತೀಯರ ಲೆಕ್ಕಕ್ಕೆ ಬೀಳುತ್ತಿತ್ತು ಎಂಬುದನ್ನು ಆಡಿಕೊಂಡವರು ಯೋಚಿಸಬೇಕಿತ್ತು.

1946ರಲ್ಲಿ ವಾಯವ್ಯ ಗಡಿಯಲ್ಲಿ ಬನ್ನು ಬ್ರಿಗೇಡಿನ ಮುಖ್ಯಸ್ಥರಾಗಿದ್ದಾಗ ಅವರ ಕೈಕೆಳಗೆ ಒಬ್ಬ ಪಠಾಣ ಅಧಿಕಾರಿಯಿದ್ದರು. ಹೆಸರು ಅಯೂಬ್ ಖಾನ್. ಈ ಹೆಸರನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ. ಮರುವರ್ಷ ದೇಶ ಒಡೆಯಿತು. ರೆಜಿಮೆಂಟುಗಳನ್ನು, ಬಂದೂಕುಗಳನ್ನು, ಲಾರಿಗಳನ್ನು ಎರಡು ದೇಶಗಳಿಗೆ ಪಾಲು ಮಾಡುವ ಕೆಲಸಕ್ಕೆ ಕಾರ್ಯಪ್ಪನವರನ್ನೂ ಹಾಕಿದರು. ಒಟ್ಟಿಗೆ ಯುದ್ಧ ಮಾಡಿದವರನ್ನು ಹೆಸರು ನೋಡಿ ಆಚೆ ಈಚೆ ಕಳಿಸಬೇಕು. ನಮ್ಮ ಕಡೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡಾಗ ಮನೆಯ ಹಿರಿಯರ ಮುಖ ಹೇಗಿರುತ್ತದೆಂದು ನೀವು ನೋಡಿದ್ದೀರಿ, ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕಾಶ್ಮೀರದ ಮಾತನ್ನು ಬಿಡುವ ಹಾಗಿಲ್ಲ, ಯಾಕೆಂದರೆ ಅಲ್ಲಿ ಮಡಿಕೇರಿಯ ಎರಡು ಮನೆಗಳು ಕೂಡುತ್ತವೆ. 1948ರಲ್ಲಿ ಪಶ್ಚಿಮ ಕಮಾಂಡಿನ ಮುಖ್ಯಸ್ಥರು ಕಾರ್ಯಪ್ಪ. ಕಣಿವೆಯಲ್ಲಿ ಹತ್ತೊಂಬತ್ತನೆಯ ಡಿವಿಜನ್ನಿನ ಮುಖ್ಯಸ್ಥರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ, ಅದೇ ಮನೆತನದವರು, ಕಾರ್ಯಪ್ಪನವರಿಗಿಂತ ಏಳು ವರ್ಷ ಚಿಕ್ಕವರು. ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಯಲ್ಲಿ ಶತ್ರುಗಳು ಗಟ್ಟಿಯಾಗಿ ಕುಳಿತಿದ್ದರು. ಲೇಹ್‌ಗೆ ಹೋಗುವ ದಾರಿ ಮುಚ್ಚಿಹೋಗಿತ್ತು. ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಲು ಸಾಧ್ಯವೆಂದು ಯಾರೂ ಎಣಿಸಿರಲಿಲ್ಲ. ಬಿಚ್ಚಿ ಸಾಗಿಸಿ, ಮತ್ತೆ ಜೋಡಿಸಿ, ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳನ್ನು ನುಗ್ಗಿಸಿದರು. ಕಣಿವೆ ಕೈಗೆ ಬಂತು, ಆ ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಬಂದವು. ತಿಮ್ಮಯ್ಯನವರು ಹುಟ್ಟಿ ಬೆಳೆದ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯವಾಗಿದೆ. 2021ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಗಳೇ ಬಂದು ಅದನ್ನು ಉದ್ಘಾಟಿಸಿದರು. ಮಡಿಕೇರಿಗೆ ಹೋದವರು ರಾಜಾಸೀಟಿನಲ್ಲಿ ಫೋಟೋ ತೆಗೆಸಿಕೊಂಡು ಹಿಂತಿರುಗಬೇಡಿ, ಅಲ್ಲಿಗೂ ಒಂದು ಗಂಟೆ ಇಟ್ಟುಕೊಳ್ಳಿ.

ಆ ದಿನಗಳದೇ ಇನ್ನೊಂದು ಪ್ರಸಂಗ. ಇದು ಯುದ್ಧದ ಗದ್ದಲದಲ್ಲಿ ಮರೆತುಹೋಗಿದೆ. ಕಾರ್ಯಪ್ಪನವರು ಲಂಡನ್ನಿನಲ್ಲಿ ಅಹಿಂಸೆಯ ಬಗ್ಗೆ ಆಡಿದ ಮಾತನ್ನು ಒಪ್ಪದೆ ಗಾಂಧೀಜಿ 1947ರ ನವೆಂಬರಿನಲ್ಲಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಬರೆದರು. ಬೇರೆ ಯಾರಾಗಿದ್ದರೂ ಪತ್ರಿಕೆಗೆ ಪ್ರತಿ ಹೇಳಿಕೆ ಕೊಡುತ್ತಿದ್ದರು. ಇವರು ನೇರವಾಗಿ ಗಾಂಧೀಜಿಯವರನ್ನೇ ಕಾಣಲು ಹೋದರು. ಹೋಗಿ ಕೇಳಿದ್ದೇನು? ಸೈನಿಕನ ಕರ್ತವ್ಯಪ್ರಜ್ಞೆಗೆ ಕುಂದು ಬರದ ಹಾಗೆ ಅವನ ಮನಸ್ಸಿನಲ್ಲಿ ಅಹಿಂಸೆಯ ಭಾವವನ್ನು ಬೆಳೆಸುವುದು ಹೇಗೆ, ದಾರಿ ತೋರಿಸಿ ಎಂದು. ತಾನೂ ಅದಕ್ಕೆ ಉತ್ತರವನ್ನು ಇನ್ನೂ ತಡಕಾಡುತ್ತಿದ್ದೇನೆ ಎಂದರು ಗಾಂಧೀಜಿ. ಕಾಶ್ಮೀರದ ಜವಾಬ್ದಾರಿ ಹೊತ್ತು ಹೊರಡುವ ಮುನ್ನ, ಜನವರಿಯಲ್ಲಿ, ಮತ್ತೊಮ್ಮೆ ಅವರನ್ನು ಕಂಡು ಹೋದರು. ಅದಾದ ಎರಡು ವಾರದೊಳಗೆ ಗಾಂಧೀಜಿ ಇರಲಿಲ್ಲ. ಸೇನಾನಿಯೊಬ್ಬ ಈ ಪ್ರಶ್ನೆ ಕೇಳಿದನಲ್ಲ, ಉತ್ತರ ಸಿಗದಿದ್ದರೂ ಆ ಪ್ರಶ್ನೆಗೆ ಬೆಲೆಯಿದೆ.

ಇನ್ನು ಮನೆಯ ಕಡೆ ಬರುತ್ತೇನೆ. 1937ರಲ್ಲಿ ಸಿಕಂದರಾಬಾದಿನಲ್ಲಿ ಮದುವೆ. ಮರುವರ್ಷ ಮಗ ನಂದ ಹುಟ್ಟಿದ, 1943ರಲ್ಲಿ ಮಗಳು ನಳಿನಿ. 1945ರಲ್ಲಿ ಗಂಡಹೆಂಡತಿ ಬೇರೆಯಾದರು. ಮೂರು ವರ್ಷದ ಬಳಿಕ ಆಕೆ ಅಪಘಾತದಲ್ಲಿ ತೀರಿಕೊಂಡರು. ಹುಡುಗನಿಗೆ ಆಗ ಹತ್ತು, ಹುಡುಗಿಗೆ ಐದು. ತಂದೆ ಕಾಶ್ಮೀರದ ಯುದ್ಧದಲ್ಲಿ. ಕಾರ್ಯಪ್ಪನವರ ಗುಣಗಾನ ಮಾಡುವ ಭಾಷಣಗಳು ಈ ಭಾಗವನ್ನು ಸಾಮಾನ್ಯವಾಗಿ ಹಾರಿಸುತ್ತವೆ. ಕುಟುಂಬವತ್ಸಲ ಎಂದು ಹೇಳಬೇಕಾದರೆ ಎಲ್ಲವೂ ನೆಟ್ಟಗಿದ್ದ ಮನೆಯನ್ನೇ ತೋರಿಸಬೇಕು ಎಂಬ ಸಂಕೋಚ ನಮಗೆ. ನಾನು ಹಾಗೆ ನೋಡುವುದಿಲ್ಲ. ಮುರಿದ ಮನೆಯಲ್ಲಿ ಉಳಿದ ಎರಡು ಮಕ್ಕಳನ್ನು ಅವರು ಹೇಗೆ ಬೆಳೆಸಿದರು ಎನ್ನುವುದರಲ್ಲೇ ಆ ತಂದೆ ಕಾಣುತ್ತಾರೆ.

ಮಗ ದೊಡ್ಡವರಾದ ಮೇಲೆ ಬರೆದ ಒಂದು ಪ್ರಸಂಗವನ್ನು ಹೇಳುತ್ತೇನೆ. ತಂದೆ ಮಹಾದಂಡನಾಯಕರಾಗಿ ದೆಹಲಿಯಲ್ಲಿದ್ದಾಗಿನದು. ಸೇನಾಧಿಕಾರಿಗಳ ಮಕ್ಕಳನ್ನು ಶಾಲೆಗೆ ಒಯ್ಯಲು ಸೇನೆಯ ಲಾರಿ ಬರುತ್ತಿತ್ತು. ಒಂದು ದಿನ ಬರಲಿಲ್ಲ. ಶಾಲೆ ತಪ್ಪಬಾರದೆಂದು ತಂದೆಯ ಆಪ್ತ ಸೇನಾಧಿಕಾರಿ ಮಕ್ಕಳನ್ನು ಮಹಾದಂಡನಾಯಕರ ಸರ್ಕಾರಿ ಕಾರಿನಲ್ಲಿ ಕಳಿಸಿದರು. ಕೆಲವು ದಿನ ಕಳೆದು ಬೆಳಗಿನ ತಿಂಡಿಯ ಹೊತ್ತಿಗೆ ಈ ವಿಷಯ ಹೇಗೋ ಬಾಯಿಗೆ ಬಂತು. ಕಾರ್ಯಪ್ಪ ಕೆರಳಿದರು. ಆ ಅಧಿಕಾರಿಗೆ ಛೀಮಾರಿ. ಕಾರು ಓಡಿದ ದೂರಕ್ಕೆ ಖಾಸಗಿ ಬಳಕೆಯ ದರದಲ್ಲಿ ಬಿಲ್ಲು ಮಾಡಿಸಿ, ತಮ್ಮ ಸ್ವಂತ ಖಾತೆಯಿಂದ ಕಟ್ಟಿಸಿದರು.

ಇದು ಅತಿಯಾಯಿತು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ತಾಯಿಯಿಲ್ಲದ ಮಕ್ಕಳು, ಒಂದು ದಿನ ಕಾರಿನಲ್ಲಿ ಹೋದರೆ ಏನಾಯಿತು ಎಂದು. ಆದರೆ ಯೋಚಿಸಿ, ಆ ಲಾರಿಗೆ ಕಾದಿದ್ದ ಉಳಿದ ಮಕ್ಕಳು ಅಂದು ಶಾಲೆಗೆ ಹೇಗೆ ಹೋದರು? ಯಾರದೋ ಸುಬೇದಾರರ ಮಗನಿಗೆ ಇಲ್ಲದ ಕಾರು ತನ್ನ ಮಗನಿಗೆ ಯಾಕೆ? ಆ ತಂದೆಯ ಸಿಟ್ಟಿನ ಹಿಂದೆ ಇದ್ದದ್ದು ಇದೇ ಎಂದು ನಾನು ತಿಳಿದಿದ್ದೇನೆ. ಅದೇ ಮನುಷ್ಯ ನಿವೃತ್ತರಾಗುವ ಮುನ್ನ ತಮ್ಮ ಹಳೆಯ ರಜಪೂತ್ ರೆಜಿಮೆಂಟಿಗೆ ವಿದಾಯ ಹೇಳಲು ಫತೇಗಢಕ್ಕೆ ಹೊರಟಾಗ ಮಗ ಮಗಳಿಬ್ಬರನ್ನೂ ಕರೆದುಕೊಂಡು ಹೋದರು. ತನ್ನ ಬದುಕು ರೂಪುಗೊಂಡ ಜಾಗ ಮಕ್ಕಳಿಗೆ ಗೊತ್ತಿರಲಿ ಎಂಬ ಆಸೆ ಯಾವ ಸೈನಿಕನಿಗಿಲ್ಲ? ರಜೆಗೆ ಬಂದಾಗ ಹೆಗಲ ಮೇಲೆ ಕೂರಿಸಿಕೊಂಡು ಯೂನಿಟ್ಟಿನ ಕತೆ ಹೇಳಿದ ಅಪ್ಪಂದಿರು ಈ ಸಭೆಯಲ್ಲಿಯೇ ಇದ್ದಾರೆ.

ನಿವೃತ್ತಿಯಾದ ಮೇಲೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಭಾರತದ ಹೈಕಮಿಷನರ್ ಆಗಿ ಹೋದರು. ಹಿಂತಿರುಗಿದ್ದು 1956ರಲ್ಲಿ. ಅವರು ಹೊರಟಾಗ ಕೊಡಗು ತನ್ನದೇ ಶಾಸನಸಭೆಯಿದ್ದ ಪ್ರತ್ಯೇಕ ರಾಜ್ಯವಾಗಿತ್ತು. ಮರಳಿದ ವರ್ಷವೇ, ನವೆಂಬರ್ 1ರಂದು, ಮೈಸೂರು ರಾಜ್ಯದಲ್ಲಿ ಸೇರಿ ಒಂದು ಜಿಲ್ಲೆಯಾಯಿತು. ದೆಹಲಿಯಲ್ಲೋ ಬೆಂಗಳೂರಿನಲ್ಲೋ ಇರಬಹುದಾಗಿದ್ದ ಮನುಷ್ಯ ಮಡಿಕೇರಿಯನ್ನು ಆರಿಸಿಕೊಂಡರು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣದ ಊರು. ರೈಲಿಲ್ಲ, ಇವತ್ತಿಗೂ ಇಲ್ಲ. ಮರಗಳ ನಡುವಿನ ರೋಶನಾರಾದಲ್ಲಿ ಅವರ ದಿನಚರಿ ಗಡಿಯಾರ ತಪ್ಪದೆ ನಡೆಯಿತು. ರಾತ್ರಿಯ ಊಟಕ್ಕೆ ಕೂರುವಾಗಲೂ ಉಡುಪು ಒಪ್ಪವಾಗಿರಬೇಕು, ಬಂದ ಅತಿಥಿಯೂ ಹಾಗೇ ಇರಬೇಕು. ಅಷ್ಟು ಕಟ್ಟುನಿಟ್ಟಿನ ಮನುಷ್ಯ ದಾರಿಯಲ್ಲಿ ಹಳೆಯ ಸೈನಿಕನೊಬ್ಬ ಕಂಡರೆ ಕಾರು ನಿಲ್ಲಿಸಿ ಇಳಿಯುತ್ತಿದ್ದರು. ಯಾವ ರೆಜಿಮೆಂಟು, ಪಿಂಚಣಿ ಬರುತ್ತಿದೆಯೇ, ಮಕ್ಕಳು ಏನು ಓದುತ್ತಿದ್ದಾರೆ ಎಂದು ವಿಚಾರಿಸುತ್ತಿದ್ದರು.

ಈಗ 1965ಕ್ಕೆ ಬರೋಣ. ಇದನ್ನು ನೀವೆಲ್ಲ ಕೇಳಿಯೇ ಇರುತ್ತೀರಿ, ಆದರೂ ಸಾವಕಾಶವಾಗಿ ಹೇಳಲೇಬೇಕು. ಮಗ ನಂದ ವಾಯುಪಡೆ ಸೇರಿದ್ದರು, ಹಂಟರ್ ಯುದ್ಧವಿಮಾನದ ಪೈಲಟ್, ವಯಸ್ಸು ಇಪ್ಪತ್ತೇಳು. ಸೆಪ್ಟೆಂಬರ್ 22, ಯುದ್ಧದ ಕೊನೆಯ ದಿನ. ಮರುದಿನ ಬೆಳಗಿನ ಜಾವ ಕದನವಿರಾಮ ಜಾರಿಗೆ ಬರುವುದಿತ್ತು. ಆ ದಿನವೇ ಅವರ ವಿಮಾನಕ್ಕೆ ನೆಲದಿಂದ ಹಾರಿಸಿದ ಗುಂಡು ತಗುಲಿತು. ವಿಮಾನದಿಂದ ಹೊರಗೆ ಚಿಮ್ಮಿ ಬಿದ್ದವರು ಬೆನ್ನೆಲುಬಿಗೆ ಪೆಟ್ಟಾಗಿ ಶತ್ರುಗಳ ಕೈಗೆ ಸಿಕ್ಕರು. ಕೆಡೆಟ್‌ಗಳಿಗೆ ಮೊದಲ ಪಾಠವಾಗಿ ಕಲಿಸುವ ಹಾಗೆ ಹೆಸರು, ದರ್ಜೆ, ನಂಬರು, ಇಷ್ಟನ್ನೇ ಹೇಳಿದರು. ಆದರೆ ಕಾರ್ಯಪ್ಪ ಎಂಬ ಹೆಸರು ಸಾಕಾಗಿತ್ತು. ಆಗ ಪಾಕಿಸ್ತಾನದ ಅಧ್ಯಕ್ಷರು ಯಾರು? ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಬನ್ನುವಿನಲ್ಲಿ ಕಾರ್ಯಪ್ಪನವರ ಕೈಕೆಳಗಿದ್ದ ಅದೇ ಅಯೂಬ್ ಖಾನ್.

ಪಾಕಿಸ್ತಾನದ ರೇಡಿಯೋ ಸುದ್ದಿ ಬಿತ್ತರಿಸಿತು. ಅಯೂಬ್ ಖಾನರು ದೆಹಲಿಯಲ್ಲಿದ್ದ ತಮ್ಮ ಹೈಕಮಿಷನರ್ ಮೂಲಕ ಹಳೆಯ ಮೇಲಧಿಕಾರಿಗೆ ಹೇಳಿಕಳಿಸಿದರು: ನಿಮ್ಮ ಮಗ ಕ್ಷೇಮವಾಗಿದ್ದಾನೆ, ಬೇಕೆಂದರೆ ಬಿಟ್ಟು ಕಳಿಸುತ್ತೇವೆ. ಕಾರ್ಯಪ್ಪ ಕೊಟ್ಟ ಉತ್ತರದ ಪದಗಳು ಒಬ್ಬೊಬ್ಬರ ಬರಹದಲ್ಲಿ ಒಂದೊಂದು ರೀತಿ ಇವೆ. ತಿರುಳು ಎಲ್ಲದರಲ್ಲೂ ಒಂದೇ. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನೊಬ್ಬನಿಗೆ ವಿಶೇಷ ಬೇಡ.

ಈ ಮಾತನ್ನು ದೇಶಭಕ್ತಿಯ ಘೋಷಣೆಯ ಹಾಗೆ ಎಲ್ಲರೂ ಉಲ್ಲೇಖಿಸುತ್ತಾರೆ. ಚಪ್ಪಾಳೆಯೂ ಬೀಳುತ್ತದೆ. ನಾನು ನಿಮ್ಮನ್ನು ಕೇಳಿಕೊಳ್ಳುವುದು, ಅದನ್ನು ಒಬ್ಬ ತಂದೆ ಆಡಿದ ಮಾತಾಗಿ ಕೇಳಿ. ಅವರಿಗೆ ಆಗ ಅರವತ್ತಾರು. ಇದ್ದದ್ದು ಒಬ್ಬನೇ ಮಗ. ತಾಯಿಯಿಲ್ಲದೆ ತಾವೇ ಬೆಳೆಸಿದ ಮಗ. ಬೆನ್ನು ಮುರಿದುಕೊಂಡು ಪರದೇಶದ ಆಸ್ಪತ್ರೆಯಲ್ಲಿದ್ದಾನೆ. ಒಂದು ‘ಹೂಂ’ ಅಂದರೆ ಮನೆಗೆ ಬರುತ್ತಾನೆ. ಆ ‘ಹೂಂ’ ಹೇಳಿದ್ದರೆ ದೇಶದಲ್ಲಿ ಯಾರೂ ಅವರನ್ನು ದೂರುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಹರಿಯಾಣದ ಒಂದು ಹಳ್ಳಿಯಲ್ಲೋ ಗಢವಾಲದ ಒಂದು ಮನೆಯಲ್ಲೋ ಸೆರೆಯಾದ ಜವಾನನ ತಾಯಿಗೆ ಮಗ ಬದುಕಿದ್ದಾನೆಂಬ ಸುದ್ದಿಯೂ ಮುಟ್ಟಿರಲಿಕ್ಕಿಲ್ಲ. ಆಕೆಯ ಮಗನಿಗೆ ಯಾವ ಅಧ್ಯಕ್ಷರ ಪರಿಚಯವೂ ಇಲ್ಲ. ದೆಹಲಿಯ ಸರ್ಕಾರಿ ಕಾರಿನ ಪ್ರಸಂಗವನ್ನು ಆಗ ಅಷ್ಟು ವಿವರವಾಗಿ ಹೇಳಿದ್ದು ಇದಕ್ಕಾಗಿಯೇ. ಮಕ್ಕಳು ಸ್ವಲ್ಪ ದೂರ ಕಾರಿನಲ್ಲಿ ಹೋದದ್ದಕ್ಕೆ ಬಿಲ್ಲು ಕಟ್ಟಿದ ಮನುಷ್ಯನಿಗೆ ಈ ಉತ್ತರ ಹೊಸದಾಗಿ ಹುಡುಕಬೇಕಾದದ್ದು ಆಗಿರಲಿಲ್ಲ.

ಅಯೂಬ್ ಖಾನರ ಮನೆಯವರ ನಡತೆಯನ್ನೂ ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಅವರ ಪತ್ನಿ ಆಸ್ಪತ್ರೆಗೆ ಬಂದು ನಂದ ಅವರನ್ನು ಕಂಡರು. ಬರುವಾಗ ಸಿಗರೇಟು, ಓದಲು ಒಂದು ಇಂಗ್ಲಿಷ್ ಹಾಸ್ಯ ಕಾದಂಬರಿ ತಂದಿದ್ದರು. ಕದನವಿರಾಮದ ನಂತರ ಕಾರ್ಯಪ್ಪನವರು ನಮ್ಮ ಸೈನಿಕರ ಧೈರ್ಯ ಹೆಚ್ಚಿಸಲೆಂದು ಮುಂಚೂಣಿಗೆ ಹೋಗಿದ್ದರು. ನಡೆಯುತ್ತ ಗಡಿಯ ತೀರ ಹತ್ತಿರ ಹೋದಾಗ ಆಚೆ ಬದಿಯಿಂದ ನಿಲ್ಲಿ ಎಂಬ ಕೂಗು ಬಂತು. ಬಂದವರು ಯಾರೆಂದು ತಿಳಿದ ಮೇಲೆ ಆಚೆಯ ಪಾಕಿಸ್ತಾನಿ ಸೈನಿಕರು ಆಯುಧ ಕೆಳಗಿಳಿಸಿ ಗೌರವ ಸಲ್ಲಿಸಿದರು, ಮಗನ ಕ್ಷೇಮ ವಿಚಾರಿಸಿದರು ಎಂದು ಅವರ ಮನೆಯವರು ನೆನೆದಿದ್ದಾರೆ. ಪಾಲಾಗುವ ಮೊದಲು ಒಂದೇ ಸೇನೆಯಲ್ಲಿದ್ದವರ ನೆನಪು ಆಗಿನ್ನೂ ಎರಡೂ ಕಡೆ ಉಳಿದಿತ್ತು. 1966ರ ಜನವರಿಯಲ್ಲಿ ನಂದ ಮನೆಗೆ ಬಂದರು. ಒಬ್ಬರೇ ಬರಲಿಲ್ಲ, ಇತರ ಯುದ್ಧಕೈದಿಗಳೊಂದಿಗೆ ಬಂದರು. ಮುಂದೆ ಏರ್ ಮಾರ್ಷಲ್ ದರ್ಜೆಗೆ ಏರಿ ನಿವೃತ್ತರಾದರು.

ಅವರ ರಾಜಕೀಯದ ಬಗ್ಗೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ದೇಶದ ಆಡಳಿತದ ಬಗ್ಗೆ ಅವರು ನೀಡಿದ ಕೆಲವು ಹೇಳಿಕೆಗಳು ಪ್ರಜಾಪ್ರಭುತ್ವಕ್ಕೆ ಒಪ್ಪುವಂಥವಲ್ಲ ಎಂದು ಆಗಲೇ ಟೀಕೆ ಬಂತು. ಆ ಟೀಕೆ ಸರಿಯಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಕೈಯಲ್ಲಿ ಇಡೀ ಸೇನೆ ಇದ್ದ ನಾಲ್ಕು ವರ್ಷ ಅವರು ಸೈನಿಕರಿಗೆ ಹೇಳಿದ್ದು ರಾಜಕೀಯದಿಂದ ದೂರ ಇರಿ, ಚುನಾಯಿತ ಸರ್ಕಾರ ಯಾವುದಿದ್ದರೂ ಅದಕ್ಕೆ ನಿಷ್ಠರಾಗಿರಿ ಎಂದೇ. ಅವಧಿ ಮುಗಿದ ದಿನ ಸದ್ದಿಲ್ಲದೆ ಅಧಿಕಾರದಿಂದ ಇಳಿದರು. ಸುತ್ತಲಿನ ದೇಶಗಳ ಸೇನಾಪತಿಗಳು ಏನು ಮಾಡಿದರು ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ತೂಕ ತಿಳಿಯುತ್ತದೆ.

ನಲವತ್ತು ವರ್ಷಗಳಲ್ಲಿ ಅವರು ಬಿಡದೆ ಹಿಡಿದ ಕೆಲಸ ಮಾಜಿ ಸೈನಿಕರದು. 1964ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಹುಟ್ಟಿದಾಗ ಅದರ ಮುಂದಾಳು ಅವರೇ. ಇದು ಯಾಕೆ ಮುಖ್ಯವೆಂದು ಸೇನೆಯ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಂದಾಯ ಇಲಾಖೆಯ ಗುಮಾಸ್ತ ನಿವೃತ್ತನಾಗುವುದು ಅರವತ್ತಕ್ಕೆ, ಮಕ್ಕಳ ಓದು ಮುಗಿದ ಮೇಲೆ. ಸಿಪಾಯಿ ಮನೆಗೆ ಬರುವುದು ಮೂವತ್ತೈದು, ನಲವತ್ತಕ್ಕೆ. ಹದಿನೈದು ವರ್ಷ ಸೇವೆಯಾದರೆ ಪಿಂಚಣಿ ಸಿಗುತ್ತದೆ, ನಿಜ. ಆದರೆ ದೊಡ್ಡ ಮಗಳು ಇನ್ನೂ ಹೈಸ್ಕೂಲಿನಲ್ಲಿರುತ್ತಾಳೆ, ಮನೆಯ ಸಾಲ ತೀರಿರುವುದಿಲ್ಲ, ಅಪ್ಪ ಅಮ್ಮನಿಗೆ ವಯಸ್ಸಾಗಿರುತ್ತದೆ. ಫಿರಂಗಿ ನಡೆಸಬಲ್ಲವನಿಗೆ ಊರಿನಲ್ಲಿ ಸಿಗುವ ಕೆಲಸ ಬ್ಯಾಂಕಿನ ಬಾಗಿಲು ಕಾಯುವುದು. 2022ರಲ್ಲಿ ಬಂದ ಅಗ್ನಿಪಥ ವ್ಯವಸ್ಥೆಯಲ್ಲಿ ನಾಲ್ಕು ವರ್ಷಕ್ಕೇ ಹೆಚ್ಚಿನವರು ಮರಳುತ್ತಾರೆ, ಪಿಂಚಣಿಯಿಲ್ಲದೆ. ಇಪ್ಪತ್ತೈದರ ಆಸುಪಾಸಿನಲ್ಲೇ ಸೇನೆಯಿಂದ ಮರಳಿದವನ ಮುಂದಿನ ನಲವತ್ತು ವರ್ಷ ಹೇಗೆ ಎನ್ನುವುದು ಇನ್ನು ಮುಂದೆ ನಮ್ಮಂಥ ಸಣ್ಣ ಊರುಗಳ ಪ್ರಶ್ನೆ.

ಕಾರ್ಯಪ್ಪನವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ. ಆ ಪದವಿಯವರು ಸಾಯುವ ತನಕ ಸೇವೆಯಲ್ಲಿದ್ದಾರೆಂದೇ ಲೆಕ್ಕ. ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಸಮಾರಂಭ. ಕಾಲಿನ ಕಿರುಬೆರಳು ನೋಯುತ್ತಿತ್ತು, ಮನೆಯಲ್ಲಿ ಅದಕ್ಕೆ ತಕ್ಕಂತೆ ಕತ್ತರಿಸಿದ ಶೂ ಹಾಕುತ್ತಿದ್ದರು. ಅಂದು ಅದನ್ನೇ ಹಾಕಿಕೊಳ್ಳಿ ಎಂದು ಮನೆಯವರು ಬೇಡಿಕೊಂಡರೂ ಕೇಳಲಿಲ್ಲ. ಸಮವಸ್ತ್ರಕ್ಕೆ ನಿಯಮದಂತೆ ಬೇಕಾದ ಶೂಗಳನ್ನೇ ಹಾಕಿದರು, ಊರುಗೋಲೂ ಬೇಡವೆಂದರು, ಬಿನ್ನವತ್ತಳೆ ಓದಿ ಮುಗಿಯುವವರೆಗೂ ನೇರವಾಗಿ ನಿಂತಿದ್ದರು. ಇದನ್ನೂ ಮಗ ದಾಖಲಿಸಿದ್ದಾರೆ. ಏಳು ವರ್ಷದ ಬಳಿಕ ಬೆಂಗಳೂರಿನಲ್ಲಿ ತೀರಿಕೊಂಡಾಗ ಮಡಿಕೇರಿಗೇ ತಂದರು. ಮೂರೂ ಪಡೆಗಳ ಮುಖ್ಯಸ್ಥರು ಬಂದಿದ್ದರು, ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ಬಂದಿದ್ದರು. ಚಿತೆಗೆ ಬೆಂಕಿ ಕೊಟ್ಟದ್ದು ಮಗ. ಇಂದು ಮಡಿಕೇರಿಯ ಕಾಲೇಜೊಂದಕ್ಕೆ ಅವರ ಹೆಸರಿದೆ, ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೆ ಅವರ ಹೆಸರಿದೆ, ಪುತ್ಥಳಿಗಳಿವೆ. ಅವರನ್ನು ನೆನೆಯುವುದಕ್ಕೆ ಇಷ್ಟು ಬೇಕು, ಆದರೆ ಇಷ್ಟೇ ಸಾಲದು. ಕಾರು ನಿಲ್ಲಿಸಿ ‘ಪಿಂಚಣಿ ಬರುತ್ತಿದೆಯೇ’ ಎಂದು ಕೇಳುತ್ತಿದ್ದ ಮನುಷ್ಯನ ಜನ್ಮದಿನ ಇದು. ಹಾಗಾಗಿ ನಾನೂ ಅದೇ ಪ್ರಶ್ನೆ ಕೇಳುತ್ತೇನೆ, ವಿಶೇಷವಾಗಿ ಹಿಂದಿನ ಸಾಲಿನಲ್ಲಿ ಕುಳಿತಿರುವ ಅಮ್ಮಂದಿರನ್ನು.

ನಿಮ್ಮ ಮನೆಯಲ್ಲಿ ಹೆಸರು, ನಂಬರು ಬರೆದ ಕಪ್ಪು ಟ್ರಂಕು ಇದ್ದೇ ಇರುತ್ತದೆ. ನಮ್ಮ ಮನೆಯಲ್ಲೂ ಇತ್ತು, ನನ್ನ ತಂದೆಯೂ ಹವಾಲ್ದಾರರಾಗಿ ಬಂದವರು. ಆ ಟ್ರಂಕನ್ನು ಈ ವಾರ ತೆರೆಯಿರಿ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶದ ಕಾಗದ ಹೊರಗೆ ತೆಗೆಯಿರಿ. ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ಅಲ್ಲಿಯೂ ಇದೆಯೇ ನೋಡಿ. ಮದುವೆಯಾದಾಗ ಯೂನಿಟ್ಟಿನವರು ಪಾರ್ಟ್ ಟು ಆರ್ಡರ್ ಹೊರಡಿಸಿ ಸೇರಿಸಿದ ಹೆಸರೇ ದಾಖಲೆಯಲ್ಲಿ ಉಳಿದಿರುತ್ತದೆ. ಮದುವೆಯಾದ ಮೇಲೆ ಮನೆತನದ ಹೆಸರು ಬದಲಾಗುವ ನಮ್ಮ ಕಡೆ ಇಲ್ಲಿಯೇ ತೊಡಕು ಬರುವುದು. ಯಜಮಾನರು ಇರುವಾಗ ತಿದ್ದಿಸುವುದು ಸುಲಭ. ಅವರು ಹೋದ ಮೇಲೆ, ಕುಟುಂಬ ಪಿಂಚಣಿ ಕೇಳುವ ಹೊತ್ತಿಗೆ, ಒಂದು ಅಕ್ಷರ ಹೆಚ್ಚುಕಡಿಮೆ ಇದ್ದರೂ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಮದರಾಸ್ ರೆಜಿಮೆಂಟಿನವರ ದಾಖಲೆ ವೆಲ್ಲಿಂಗ್ಟನ್ನಿನಲ್ಲಿ, ತೋಪುಪಡೆಯವರದು ನಾಸಿಕದಲ್ಲಿ, ಸೇನೆಯ ಯಂತ್ರೋಪಕರಣ ದುರಸ್ತಿ ನೋಡಿಕೊಳ್ಳುವ ಇ.ಎಂ.ಇ.ಯವರದು ಸಿಕಂದರಾಬಾದಿನಲ್ಲಿ ಇರುತ್ತದೆ. ಎಲ್ಲಿಗೆ ಬರೆಯಬೇಕು, ಯಾವ ಅರ್ಜಿ, ಯಾವ ಪ್ರಮಾಣಪತ್ರ ಎಂಬುದನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಹೇಳುತ್ತಾರೆ. ವರ್ಷಕ್ಕೊಮ್ಮೆ ಕೊಡುವ ಜೀವಂತ ಪ್ರಮಾಣಪತ್ರವನ್ನು ಈಗ ಮೊಬೈಲಿನಲ್ಲಿಯೂ ಕೊಡಬಹುದು, ಕಾಲೇಜು ಮಕ್ಕಳು ಅಜ್ಜಿಯ ಜೊತೆ ಹತ್ತು ನಿಮಿಷ ಕುಳಿತರೆ ಮುಗಿಯುತ್ತದೆ. ಈ ಕೆಲಸ ಬಲ್ಲ ನಿವೃತ್ತ ಸುಬೇದಾರರೊಬ್ಬರು ಹೊರಗೆ ಬಾಗಿಲ ಬಳಿಯ ಮೇಜಿನಲ್ಲಿ ಕಾಗದಗಳನ್ನು ನೋಡಿಕೊಡಲು ಒಪ್ಪಿದ್ದಾರೆ. ಚಹಾಕ್ಕೆ ಹೋಗುವ ಮೊದಲು ಅವರ ಹತ್ತಿರ ನಿಮ್ಮ ಹೆಸರು ಬರೆಸಿ.